ಸಂಪಾದಕರ ಉತ್ತರ: ಸಾಲದ ಹೊರೆ ಹೊತ್ತ ಸಂವಿಧಾನಕರ್ತ

ಮಾನ್ಯರೆ,

ಕಳೆದ ಸಂಚಿಕೆಯ ಅಮೆರಿಕ ಸಂವಿಧಾನದ ಲೇಖನವನ್ನು ಓದಿ ಧಾರವಾಡದಿಂದ ತಾವು ಬರೆದ ಪತ್ರ ತಲುಪಿದೆ. ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಜೇಮ್ಸ್ ವಿಲ್ಸನ್‌ನನ್ನು ನಾವು ಅದರ ಪ್ರಮುಖ ಶಿಲ್ಪಿಯೆನಿಸಿದ ಜೇಮ್ಸ್ ಮ್ಯಾಡಿಸನ್‌ನ ಪಕ್ಕದಲ್ಲಿ ಕೂರಿಸಿದ್ದು ತಮಗೆ ಸರಿಕಂಡಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದಾಗಲೇ ಸಾಲ ತೀರಿಸಲಾಗದೆ ಜೈಲು ಕಂಡವನಿಗೆ ಆ ಸ್ಥಾನ ಸಲ್ಲುತ್ತದೆಯೇ ಎಂದು, ಬಹುಕಾಲ ವಕೀಲಿ ಮಾಡಿದ ಅನುಭವದಿಂದ ಕೇಳಿದ್ದೀರಿ. ಜೈಲಿನ ಸಂಗತಿಯನ್ನು ಲೇಖನದಲ್ಲಿ ಹೇಳದೆ ಬಿಟ್ಟದ್ದು ನಮ್ಮ ತಪ್ಪು, ಅದನ್ನು ಒಪ್ಪುತ್ತೇವೆ. ಸ್ಥಾನದ ವಿಷಯದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬದಲಾಗಿಲ್ಲ.

1742ರಲ್ಲಿ ಸ್ಕಾಟ್ಲೆಂಡಿನ ಫೈಫ್‌ನ ರೈತ ಮನೆತನದಲ್ಲಿ ಹುಟ್ಟಿದ ವಿಲ್ಸನ್, ಇಪ್ಪತ್ತರ ಹರೆಯದಲ್ಲಿ ಫಿಲಡೆಲ್ಫಿಯಾಕ್ಕೆ ಬಂದು, ಅಲ್ಲಿನ ಕಾಲೇಜಿನಲ್ಲಿ ಲ್ಯಾಟಿನ್ ಪಾಠ ಹೇಳಿ, ಜಾನ್ ಡಿಕಿನ್ಸನ್ ಎಂಬ ಹೆಸರಾಂತ ವಕೀಲನ ಬಳಿ ಕಾನೂನು ಕಲಿತ. ಕಾರ್ಲೈಲ್ ಎಂಬ ಗಡಿಯೂರಿನಲ್ಲಿ ಜಮೀನಿನ ವ್ಯಾಜ್ಯಗಳೇ ಅವನ ಅನ್ನವಾದವು. ವಸಾಹತುಗಳ ಪ್ರತಿನಿಧಿಗಳಿಲ್ಲದ ಬ್ರಿಟಿಷ್ ಪಾರ್ಲಿಮೆಂಟಿಗೆ ಅವುಗಳ ಮೇಲೆ ಶಾಸನ ಮಾಡುವ ಅಧಿಕಾರವೇ ಇಲ್ಲವೆಂದು 1774ರಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ; ಎರಡು ವರ್ಷಗಳ ನಂತರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ.

ವಕೀಲರಾದ ತಮಗೆ ಮುಖ್ಯವೆನಿಸಬಹುದಾದ ಘಟನೆ ಮುಂದಿನದು. 1778ರಲ್ಲಿ ಬ್ರಿಟಿಷರಿಗೆ ನೆರವಾದರೆಂಬ ದೇಶದ್ರೋಹದ ಆರೋಪ ಹೊತ್ತ ಅಬ್ರಹಾಂ ಕಾರ್ಲೈಲ್, ಜಾನ್ ರಾಬರ್ಟ್ಸ್ ಎಂಬಿಬ್ಬರ ಪರವಾಗಿ, ಊರೆಲ್ಲ ಅವರ ಮೇಲೆ ಹಲ್ಲು ಮಸೆಯುತ್ತಿದ್ದ ಹೊತ್ತಿನಲ್ಲಿ ವಿಲ್ಸನ್ ವಾದಿಸಿದ. ಇಬ್ಬರೂ ಗಲ್ಲಿಗೇರಿದರು. ಮರುವರ್ಷ ದಿನಸಿಯ ಬೆಲೆ ಗಗನಕ್ಕೇರಿದಾಗ, ವರ್ತಕರ ಮೇಲೂ ಇಂಥ ವಕೀಲರ ಮೇಲೂ ಸಿಟ್ಟಿಗೆದ್ದ ಸೈನಿಕ ದಳದವರು ಅಕ್ಟೋಬರ್ 4ರಂದು ಅವನ ಮನೆಗೆ ಮುತ್ತಿಗೆ ಹಾಕಿದರು. ಗೆಳೆಯರೊಂದಿಗೆ ಅವನು ಒಳಗಿದ್ದ. ಎರಡೂ ಕಡೆಯಿಂದ ಗುಂಡು ಹಾರಿತು. ಒಳಗಿದ್ದ ಕ್ಯಾಪ್ಟನ್ ರಾಬರ್ಟ್ ಕ್ಯಾಂಪ್‌ಬೆಲ್ ಪ್ರಾಣ ಬಿಟ್ಟ. ಹೊರಗೂ ಹೆಣಗಳು ಬಿದ್ದವು. ಕುದುರೆ ಸವಾರರು ಬಂದು ಗುಂಪನ್ನು ಚದುರಿಸಿದ ಮೇಲೆಯೇ ಗದ್ದಲ ನಿಂತಿತು. ಆ ಮನೆಗೆ 'ವಿಲ್ಸನ್ ಕೋಟೆ' ಎಂಬ ಹೆಸರು ಉಳಿದುಕೊಂಡಿತು.

ತನ್ನ ಮನೆಯ ಬಾಗಿಲಿಗೆ ಬಂದೂಕು ಹಿಡಿದು ಬಂದ ಜನರನ್ನು ಕಂಡವನು ಜನರನ್ನೇ ನಂಬದವನಾಗಿ ಬದಲಾಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ 1787ರ ಸಂವಿಧಾನ ಸಭೆಯಲ್ಲಿ ಅಧ್ಯಕ್ಷನನ್ನೂ ಸಂಸತ್ತಿನ ಎರಡೂ ಸದನಗಳನ್ನೂ ಜನರೇ ನೇರವಾಗಿ ಆರಿಸಬೇಕೆಂದು ವಾದಿಸಿದವನು ಇದೇ ವಿಲ್ಸನ್. ಮೇಲ್ಮನೆಯಾದ ಸೆನೆಟಿನ ಮಟ್ಟಿಗೆ ಆ ಮಾತು ಕಾನೂನಾಗಲು 1913ರವರೆಗೆ ಕಾಯಬೇಕಾಯಿತು. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ವಿವರ ಸಮಿತಿಯಲ್ಲಿ ಅವನ ಕೈಬರಹದ ಕರಡೇ 'ಜನರಾದ ನಾವು' ಎಂದು ಆರಂಭವಾಗುತ್ತದೆ. ಅಲ್ಲಿ ಒಂದೊಂದು ರಾಜ್ಯದ ಹೆಸರೂ ಇತ್ತು, ಅವನ್ನು ಮುಂದೆ ಬೇರೆ ಸಮಿತಿ ತೆಗೆದುಹಾಕಿತು. 'ಭಾರತದ ಜನತೆಯಾದ ನಾವು' ಎಂದು ತೊಡಗುವ ನಮ್ಮ ಪ್ರಸ್ತಾವನೆಯನ್ನು ಓದಿದವರಿಗೆ ಆ ಪದಗಳ ತೂಕ ತಿಳಿಸಿ ಹೇಳಬೇಕಿಲ್ಲ.

ಅದೇ ವಿಲ್ಸನ್, ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮರನ್ನು ಐದಕ್ಕೆ ಮೂರರಂತೆ ಎಣಿಸುವ ಸೂತ್ರವನ್ನು ಜೂನ್ 11ರಂದು ಸಭೆಯ ಮುಂದಿಟ್ಟ. ದಕ್ಷಿಣದ ರಾಜ್ಯಗಳನ್ನು ಒಕ್ಕೂಟದಲ್ಲಿ ಉಳಿಸಿಕೊಳ್ಳುವ ಹವಣಿಕೆ ಅದರ ಹಿಂದಿತ್ತು. ಸಾಲಕ್ಕಿಂತ ದೊಡ್ಡ ಕಳಂಕವೆಂದು ನಾವು ಎಣಿಸುವುದು ಇದನ್ನೇ. ತಮ್ಮ ಪತ್ರ ಇದನ್ನು ಎತ್ತಿದ್ದರೆ ಉತ್ತರಿಸಲು ನಮಗೆ ಹೆಚ್ಚು ಕಷ್ಟವಾಗುತ್ತಿತ್ತು.

ಇನ್ನು ಸಾಲದ ವಿಚಾರ. 1789ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವನನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದ. ಆ ಪದವಿಯಲ್ಲಿದ್ದೂ ವಿಲ್ಸನ್ ಪಶ್ಚಿಮದ ಕಾಡುಭೂಮಿಯನ್ನು ಸಾಲ ತಂದು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ವಲಸಿಗರು ಬಂದು ನೆಲೆಸಿದಂತೆ ಬೆಲೆ ಏರುತ್ತದೆಂಬ ಭರವಸೆಯ ಮೇಲೆ ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದ. 1790ರ ದಶಕದ ಕೊನೆಯಲ್ಲಿ ಹಣದ ಮುಗ್ಗಟ್ಟು ಬಂದಾಗ ಎಲ್ಲವೂ ಕುಸಿಯಿತು. ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಸಾಲಕ್ಕಾಗಿ ಸೆರೆಯಾದ. ಅಲ್ಲಿಂದ ಬಿಡುಗಡೆಯಾಗಿ ಉತ್ತರ ಕೆರೊಲಿನಾಕ್ಕೆ ಹೋದರೆ ಅಲ್ಲಿಯೂ ಸಾಲ ಕೊಟ್ಟವನೊಬ್ಬ ಜೈಲಿಗೆ ಹಾಕಿಸಿದ. ಆ ಸಾಲಿಗ ಬೇರಾರೂ ಅಲ್ಲ, ಸಂವಿಧಾನ ಸಭೆಯಲ್ಲಿ ಅವನೊಂದಿಗೆ ಕುಳಿತಿದ್ದ ಪಿಯರ್ಸ್ ಬಟ್ಲರ್. 1798ರ ಆಗಸ್ಟ್ 21ರಂದು ಎಡೆಂಟನ್ ಎಂಬ ಊರಿನಲ್ಲಿ, ಮಲೇರಿಯಾದಿಂದ ಬಳಲಿ, ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಆಗಲೂ ಅವನು ನ್ಯಾಯಮೂರ್ತಿಯೇ.

ಫಿಲಡೆಲ್ಫಿಯಾದಲ್ಲಿ ಬಾಳಿದವನನ್ನು ದೂರದ ತೋಟವೊಂದರಲ್ಲಿ ಮಣ್ಣು ಮಾಡಿದರು. ನೂರೆಂಟು ವರ್ಷ ಅಲ್ಲಿಯೇ ಇದ್ದ ಅವನ ಅವಶೇಷಗಳನ್ನು 1906ರಲ್ಲಿ ನೌಕಾಪಡೆಯ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ತಂದು ಕ್ರೈಸ್ಟ್ ಚರ್ಚಿನ ಅಂಗಳದಲ್ಲಿ ಇರಿಸಿದರು.

ಸಂಪಾದಕರು