ಕಾರವಾರದಿಂದ ಗೋವಾಕ್ಕೆ ಲೇಸರ್ ಚಿಕಿತ್ಸೆಗೆ ಹೋಗುವ ಮುನ್ನ ವೈದ್ಯರನ್ನು ಪರಿಶೀಲಿಸುವುದು ಹೇಗೆ?

ಕಾರವಾರದವರಿಗೆ ಹುಬ್ಬಳ್ಳಿಗಿಂತ ಗೋವಾದ ಮಡಗಾಂವ್ ಹತ್ತಿರವಾದ್ದರಿಂದ ಚರ್ಮದ ಲೇಸರ್ ಚಿಕಿತ್ಸೆ, ಸುಕ್ಕು ತಗ್ಗಿಸುವ ಬೊಟಾಕ್ಸ್ ಚುಚ್ಚುಮದ್ದು ಅಥವಾ ಕೂದಲು ಕಸಿಗಾಗಿ ರಾಜ್ಯದ ಗಡಿ ದಾಟುವುದು ಸಹಜವೇ. ಹೋಗುವ ಮೊದಲು, ಚಿಕಿತ್ಸೆಯನ್ನು ಸ್ವತಃ ನೀಡುವ ವೈದ್ಯರ ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಫೋನಿನಲ್ಲೇ ಕೇಳಿಕೊಳ್ಳಿ. ಇದನ್ನು ಹೇಳಲು ಹಿಂಜರಿಯುವ ಕಡೆ ಹೋಗದಿರುವುದೇ ಲೇಸು.

ವೈದ್ಯರ ನೋಂದಣಿ ಆಯಾ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ನಡೆಯುತ್ತದೆಯಾದರೂ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಎಲ್ಲ ರಾಜ್ಯಗಳ ವೈದ್ಯರನ್ನೂ ಹೆಸರು ಅಥವಾ ಸಂಖ್ಯೆಯಿಂದ ಹುಡುಕಬಹುದು. ದಂತವೈದ್ಯರು ಮತ್ತು ಆಯುರ್ವೇದ ವೈದ್ಯರ ನೋಂದಣಿ ಬೇರೆ ಮಂಡಳಿಗಳಲ್ಲಿರುವುದರಿಂದ ಅವರ ಹೆಸರು ಇಲ್ಲಿ ಸಿಗುವುದಿಲ್ಲ. ಚರ್ಮರೋಗದಲ್ಲಿ ಎಂ.ಡಿ. ಅಥವಾ ಮಾನ್ಯತೆ ಪಡೆದ ಡಿಪ್ಲೊಮಾ ಇದೆಯೇ ಎಂದು ನೋಡಿ. ಕೆಲವೇ ವಾರಗಳ ಕಾಸ್ಮೆಟಾಲಜಿ (ಸೌಂದರ್ಯ ಚಿಕಿತ್ಸೆ) ಪ್ರಮಾಣಪತ್ರ ಅದಕ್ಕೆ ಸಮನಲ್ಲ. ಕರ್ನಾಟಕದೊಳಗಿನ ಖಾಸಗಿ ಕ್ಲಿನಿಕ್ ಆಗಿದ್ದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಲೇಬೇಕು.

ದೂರದ ಕ್ಲಿನಿಕ್‌ಗಳ ವಿಷಯದಲ್ಲಿ ಜನ ಹೆಚ್ಚಾಗಿ ಮರೆಯುವುದು ನಂತರದ ಆರೈಕೆಯನ್ನು. ಲೇಸರ್ ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ನಮ್ಮ ಕಂದು ಚರ್ಮದಲ್ಲಿ ಸುಟ್ಟ ಗಾಯ ಮತ್ತು ಕಪ್ಪು ಕಲೆಗಳ ಸಾಧ್ಯತೆ ಹೆಚ್ಚಿದ್ದು, ಕರಾವಳಿಯ ಬಿಸಿಲು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೀಗಾಗಿ ಬಳಸಿದ ಯಂತ್ರ, ಅದರ ಲೇಸರ್ ಶಕ್ತಿಯ ಪ್ರಮಾಣ ಮತ್ತು ಔಷಧಗಳ ಹೆಸರನ್ನು ಬರೆಸಿಕೊಂಡು ಬನ್ನಿ. ತೊಂದರೆಯಾದರೆ ಊರಿನ ವೈದ್ಯರಿಗೆ ಆ ಚೀಟಿಯೇ ಆಧಾರ. ಸಾಧ್ಯವಿದ್ದರೆ ಮೊದಲ ಸಲಹೆಯನ್ನು ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮರೋಗ ವಿಭಾಗದಲ್ಲೇ ಪಡೆಯಿರಿ.