ಧೂಳು ನಿಂತಿದ್ದು ಖರೆ, ನಿಲ್ಲಿಸಿದ್ದು ಯಾರು?

ಸೇಡಂನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: "ಲಾಕ್‌ಡೌನ್‌ನಲ್ಲಿ ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಗೆ ಸಿಮೆಂಟ್ ಧೂಳು ಹತ್ತುತ್ತಿರಲಿಲ್ಲ. ಪ್ರಕೃತಿ ಪಾಠ ಕಲಿಸಿತು ಅಂತ ಎಲ್ಲರೂ ಹೇಳಿದರು. ಈಗ ಯಾರಿಗೂ ನೆನಪಿಲ್ಲ. ಜನರ ಪರಿಸರ ಕಾಳಜಿ ಬರೀ ನಾಟಕವೇ?"

ಮಾಸ್ತರರೇ, ನಮಸ್ಕಾರ.

ನಾಟಕ ಅನ್ನಲಾರೆ. ಆದರೆ ಆಗಿನ ಖುಷಿಯನ್ನು ಕಾಳಜಿ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲಿ. ಹೆದರಿ ಬಾಗಿಲು ಹಾಕಿಕೊಂಡು ಕೂತವರು ನಾವು. ಸಿಮೆಂಟ್ ಕಾರ್ಖಾನೆ ಚಿಮಣಿ, ಫರ್ಸಿ ಕಲ್ಲಿನ ಗಣಿ, ಲಾರಿ ಎಲ್ಲ ನಿಂತಿದ್ದು ಸರ್ಕಾರದ ಆದೇಶದಿಂದ. ಆದೇಶ ಹೋಯಿತು, ಧೂಳು ಬಂತು.

ಜಗತ್ತಿನ ಕಥೆಯೂ ಇಷ್ಟೇ. ಆ ಏಪ್ರಿಲ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಉಗುಳುವುದು 2019ರ ಸರಾಸರಿಗಿಂತ ಶೇ 17ರಷ್ಟು ಇಳಿದಿತ್ತು ಅಂತ ವಿಜ್ಞಾನಿಗಳ ಅಂದಾಜು. ಮರುವರ್ಷ ಹೆಚ್ಚುಕಡಿಮೆ ಹಳೇ ಮಟ್ಟಕ್ಕೇ ಬಂತು. ಗಾಳಿಯಲ್ಲಿ ಸೇರಿಕೊಂಡಿರುವ ಪ್ರಮಾಣವಂತೂ 2020ರಲ್ಲೂ ಏರುತ್ತಲೇ ಹೋಯಿತು. ಹಳೇ ಸಾಲ ಇರುವಾಗ ಒಂದು ವರ್ಷ ಕೈಗಡ ಸ್ವಲ್ಪ ಕಡಿಮೆ ಮಾಡಿದರೆ ಸಾಲ ತೀರುತ್ತದೆಯೇ?

"ಪ್ರಕೃತಿ ಪಾಠ ಕಲಿಸಿತು" ಅನ್ನುವ ಮಾತು ನನಗೆ ಆಗಲೂ ಹಿಡಿಸಲಿಲ್ಲ. ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗಿದ್ದ ನಮ್ಮ ಯಾದಗಿರಿ, ಕಲಬುರಗಿ ಕಡೆಯವರು ಕೆಲಸ ಕಳೆದುಕೊಂಡು ವಾಪಸ್ ಬಂದರು. ಅವರು ಯಾವ ಗಾಳಿ ಕೆಡಿಸಿದ್ದರು, ಪಾಠ ಕಲಿಯಲು? ಅವರಲ್ಲಿ ಎಷ್ಟೋ ಜನ ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 275 ರೂಪಾಯಿ ಕೂಲಿಗೆ ಕೆರೆ ಹೂಳೆತ್ತಿದರು, ಹೊಲಕ್ಕೆ ಬದು ಹಾಕಿದರು, ಕೃಷಿ ಹೊಂಡ ತೋಡಿದರು. ಪರಿಸರ ಅನ್ನುವ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಹೊಟ್ಟೆಪಾಡಿಗೆ ಮಾಡಿದ ಆ ಕೆಲಸ, ಫೋನಿನಲ್ಲಿ ನೀಲಿ ಆಕಾಶದ ಫೋಟೊ ಹಾಕಿದ ನಮಗಿಂತ ಜಾಸ್ತಿ ಪರಿಸರಕ್ಕೆ ಆಯಿತು.

ಇನ್ನು, ಜನ ಎಲ್ಲ ಮರೆತರು ಅಂತೀರಿ. ಒಂದನ್ನು ಮರೆತಿಲ್ಲ ನೋಡಿ: ಎಂಜಲಿನ ಭಯ. ಗಾಜಿನ ಲೋಟ ಬೇಡ, ಪೇಪರ್ ಕಪ್ಪಿನಲ್ಲಿ ಚಹಾ ಕೊಡಿ ಅನ್ನುವವರು ಈಗಲೂ ಇದ್ದಾರೆ. ಆ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಬಳಸಿ ಎಸೆದರೇನೇ ಶುಚಿ ಅನ್ನುವ ನಂಬಿಕೆ ತಲೆಯಲ್ಲಿ ಕೂತುಬಿಟ್ಟಿದೆ. 2022ರ ಜುಲೈನಿಂದ ಒಮ್ಮೆ ಬಳಸಿ ಎಸೆಯುವ ಎಷ್ಟೋ ಪ್ಲಾಸ್ಟಿಕ್ ಸಾಮಾನಿಗೆ ದೇಶದಲ್ಲೇ ನಿಷೇಧ ಇದೆ. ಸಂತೆಯಲ್ಲಿ ಅದರ ಗತಿ ನಿಮಗೂ ಗೊತ್ತು.

ಹಾಗಂತ ಜನ ಸುಮ್ಮನೇ ಇದ್ದರು ಅನ್ನಬೇಡಿ. ಅದೇ 2020ರಲ್ಲಿ ಕೇಂದ್ರ ಸರ್ಕಾರ ಯೋಜನೆಗಳಿಂದ ಪರಿಸರಕ್ಕಾಗುವ ಪರಿಣಾಮವನ್ನು ಮೊದಲೇ ಅಳೆಯುವ ನಿಯಮದ ಹೊಸ ಕರಡು ತಂದಿತು. ಕಾರ್ಖಾನೆ, ಗಣಿ ಬರುವ ಮುಂಚೆ ಊರವರ ಅಹವಾಲು ಸಭೆಗೆ ಕೊಡುವ 30 ದಿನದ ನೋಟಿಸನ್ನು 20ಕ್ಕೆ ಇಳಿಸುವುದು ಅದರಲ್ಲೊಂದು. ಮನೆಯಲ್ಲಿ ಕೂತೇ ಜನ ಲಕ್ಷಗಟ್ಟಲೆ ಆಕ್ಷೇಪಣೆ ಕಳಿಸಿದರು. ಕರಡನ್ನು ಪ್ರಾದೇಶಿಕ ಭಾಷೆಗಳಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ನಾನು ಕಾಳಜಿ ಅಂತ ಲೆಕ್ಕಕ್ಕೆ ಹಿಡಿಯುವುದು ಇಂಥದ್ದನ್ನು.

ನಿಮ್ಮ ತಾಲ್ಲೂಕು ಸಿಮೆಂಟಿಗೆ ಬೇಕಾದ ಸುಣ್ಣಕಲ್ಲಿನ ಸೀಮೆ. ಇಂಥ ಅಹವಾಲು ಸಭೆಯ ಪ್ರಕಟಣೆ ಇನ್ನೂ ಬರುತ್ತಿರುತ್ತದೆ. ಮುಂದಿನ ಸಲ ಬಂದಾಗ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಕೂತುಕೊಳ್ಳಿ. ಧೂಳಿನ ಮಾತು ಅಲ್ಲಿ ಎತ್ತಿ, ಬರೆಸಿ. ಸಭೆಯಲ್ಲಿ ಏನು ಉತ್ತರ ಸಿಕ್ಕಿತು ಅಂತ ನಮಗೂ ಬರೆದು ಕಳಿಸಿ, ಪೂರ್ತಿ ಹಾಕುತ್ತೇವೆ.

– ಸಂಪಾದಕ