ಪಾಯ ತೆಗೆಯುವ ಮೊದಲು ಎರಡು ಚೀಲ ಸುಣ್ಣ ತನ್ನಿ

ಸರ್, ಜೇವರ್ಗಿ ಕಡೆಯ ನಿಮ್ಮ ಊರಿನ ಹೊಸ ಗ್ರಂಥಾಲಯದ ನಕ್ಷೆ ನೋಡಿದೆ. ಪಂಚಾಯಿತಿ ಹಾಲ್‌ನಲ್ಲಿ ಒಂದು ಸಭೆ ಮಾಡಿದ್ದೀವಿ, 46 ಜನ ಸಹಿ ಹಾಕಿದ್ದಾರೆ, ಜನಾಭಿಪ್ರಾಯ ಮುಗೀತು, ಮುಂದಿನ ತಿಂಗಳು ಪಾಯ ಅಂತ ಬರೆದಿದ್ದೀರಿ. ದಯವಿಟ್ಟು ಹದಿನೈದು ದಿನ ತಡೆಯಿರಿ. ಇದೇ ತಪ್ಪನ್ನು ನಾನು ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಮಾಡಿದ್ದೇನೆ.

ನಾವೂ ಡಂಗುರ ಸಾರಿಸಿ ಸಭೆ ಕರೆದಿದ್ದೆವು. ಬೆಳಗ್ಗೆ 11ಕ್ಕೆ. ಆ ಹೊತ್ತಿಗೆ ಹೆಂಗಸರು ತೊಗರಿ ಹೊಲದಲ್ಲಿ, ಮಕ್ಕಳು ಶಾಲೆಯಲ್ಲಿ. ಬಂದವರೆಲ್ಲ ಗಂಡಸರು. ಏನು ಬೇಕು ಅಂತ ಕೇಳಿದೆವು. ಪಿಡಿಒ, ಪಿಎಸ್‌ಐ ಪರೀಕ್ಷೆಯ ಪುಸ್ತಕ ಬೇಕು, ಮುಂದೆ ದೊಡ್ಡ ಗ್ಲಾಸ್ ಬೇಕು ಅಂದರು. ಬರೆದುಕೊಂಡೆವು, ಹಾಗೇ ಕಟ್ಟಿದೆವು. ಗ್ಲಾಸ್ ಬಂದದ್ದು ಪಡುವಣ ಗೋಡೆಗೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 3ಕ್ಕೆ ಕಬ್ಬಿಣದ ಕುರ್ಚಿ ಮುಟ್ಟಲು ಆಗುತ್ತಿರಲಿಲ್ಲ. ಎರಡೇ ಬೇಸಿಗೆಗೆ ಆ ಕಡೆಯ ಪುಸ್ತಕಗಳ ಬೆನ್ನು ಬಿಳಿಚಿ ಹೆಸರೇ ಅಳಿಸಿಹೋಯಿತು. ಆಮೇಲೆ ಗ್ಲಾಸಿಗೆ ಗೋಣಿಚೀಲ ಕಟ್ಟಿದೆವು. ಮೂರು ವರ್ಷದ ರಿಜಿಸ್ಟರ್ ತೆಗೆದು ನೋಡಿದರೆ ಹೆಣ್ಣುಮಕ್ಕಳ ಹೆಸರು ಒಂಬತ್ತು. ಅದನ್ನು ಎಣಿಸಿದ ದಿನ ನನಗೆ ನಿದ್ದೆ ಬರಲಿಲ್ಲ.

ಪಕ್ಕದ ಊರಿನವರು ಕಟ್ಟಲು ಹೊರಟಾಗ ನಾನು ಕೇಳಿದ್ದು ಸುಣ್ಣ ಮತ್ತು ಹಗ್ಗ. ಕಬಡ್ಡಿ ಅಂಕಣಕ್ಕೆ ಗೆರೆ ಹಾಕ್ತಾರಲ್ವಾ, ಹಾಗೆ ಇಡೀ ಕಟ್ಟಡವನ್ನು ಜಾಗದ ಮೇಲೆ ನಿಜವಾದ ಅಳತೆಯಲ್ಲೇ ಬರೆದೆವು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ರ್‍ಯಾಕ್ ಎಲ್ಲಿ, ಎಲ್ಲಾ. ಶಾಲೆಯಿಂದ ನಾಲ್ಕು ಬೆಂಚು ತಂದು ಒಳಗೆ ಇಟ್ಟೆವು. ಕಾಗದದ ನಕ್ಷೆ ಜನರಿಗೆ ಅರ್ಥ ಆಗಲ್ಲ ಸರ್, ಸುಮ್ನೆ ತಲೆಯಾಡಿಸುತ್ತಾರೆ. ಗೆರೆಯೊಳಗೆ ಕಾಲಿಟ್ಟರೆ ಮಾತು ತಾನಾಗಿ ಬರುತ್ತದೆ. ಒಬ್ಬ ಅಜ್ಜಿ ಬಾಗಿಲ ಗೆರೆ ಹತ್ತಿರ ನಿಂತು "ಚಪ್ಪಲ್ ಎಲ್ಲಿ ಬಿಡ್ಲಿ ಯಪ್ಪಾ? ನಮಗ ಕುಂದರ್ಲಾಕ ಕಟ್ಟಿ ಎಲ್ಲದ?" ಅಂದಳು. ನಕ್ಷೆಯಲ್ಲಿ ಎರಡೂ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದೇ ಬಾಗಿಲಲ್ಲಿ ನಿಂತು ಎದುರಿಗೆ ನೋಡಿದಳು. ಎದುರಿಗೆ ಚಹಾದ ಹೋಟೆಲ್, ಬೈಕ್ ಮೇಲೆ ಏಳೆಂಟು ಹುಡುಗರು. "ಈ ಕಡೆಯಿಂದ ನಾವು ಬರಲ್ಲ ಸರ್" ಅಂದಳು. ಅಷ್ಟೇ ಅಂದದ್ದು. ಕಾಲಿನಿಂದ ಸುಣ್ಣ ಅಳಿಸಿ ಬಾಗಿಲನ್ನು ಶಾಲೆಯ ಕಡೆ ತಿರುಗಿಸಿದೆವು. ಒಂದು ರೂಪಾಯಿ ಖರ್ಚಿಲ್ಲ. ಈಗ ಅಲ್ಲಿ ಸಂಜೆ ಹುಡುಗಿಯರೇ ಜಾಸ್ತಿ.

ಆದರೆ ಇದನ್ನೂ ಕೆಡಿಸಬಹುದು. ಎಲ್ಲರನ್ನೂ ಒಂದೇ ದಿನ ಕರೆಯಬೇಡಿ. ಹೆಂಗಸರನ್ನು ಕೂಲಿಯಿಂದ ಬಂದ ಮೇಲೆ, ಹುಡುಗಿಯರನ್ನು ಭಾನುವಾರ ಬೇರೆಯಾಗಿ, ಮುದುಕರನ್ನು ಬೆಳಗ್ಗೆ. ಅಧ್ಯಕ್ಷರು, ಎಂಜಿನಿಯರ್ ಅಲ್ಲಿ ನಿಲ್ಲಬಾರದು. ಅವರು ನಿಂತರೆ ಯಾರೂ ಬಾಯಿ ಬಿಡಲ್ಲ. ನೀವೂ ಉತ್ತರ ಕೊಡಬೇಡಿ, ಬರೆದುಕೊಳ್ಳಿ. ವೀಲ್‌ಚೇರ್ ಇದ್ದವರು ಊರಲ್ಲಿದ್ದರೆ ಅವರನ್ನೂ ಕರೆದು ರ್‍ಯಾಕ್‌ಗಳ ನಡುವೆ ತಿರುಗಿಸಿ ನೋಡಿ. ಒಂದು ಸಲವಾದರೂ ಮಧ್ಯಾಹ್ನ 4ಕ್ಕೆ ಗೆರೆಯೊಳಗೆ ನಿಂತು ಬಿಸಿಲು ಎಲ್ಲಿಂದ ಹೊಡೆಯುತ್ತದೆ ನೋಡಿ. ನಿಮ್ಮ ನಕ್ಷೆಯಲ್ಲೂ ಗ್ಲಾಸ್ ಪಡುವಣಕ್ಕೇ ಇದೆ! ತೆಗೆಸಿಬಿಡಿ. ಕಿಟಕಿ ಬಡಗು-ತೆಂಕಿಗೆ ಇರಲಿ. ಪಡುವಣಕ್ಕೆ ಮೆಟ್ಟಿಲು, ಸ್ಟೋರ್, ಶೌಚಾಲಯ ಹಾಕಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಂತ ಬರೆದಿದ್ದೀರಿ. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುವಾಗ ಹೊಳೆಯುವ, ಜಾರುವ ಟೈಲ್ಸ್ ಯಾಕೆ?

ಸಮಯದ ಬಗ್ಗೆಯೂ ಕೇಳಿ. ಏಪ್ರಿಲ್, ಮೇಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಗ್ರಂಥಾಲಯ ಮಾತ್ರ ಉರಿಬಿಸಿಲಲ್ಲಿ ತೆರೆದು ಸಂಜೆ ಬಾಗಿಲು ಹಾಕಿದರೆ ಏನುಪಯೋಗ?

ನಿಮ್ಮದು ಎರೆ ಭೂಮಿ ಅಲ್ವಾ? ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು. ಅಡಿಯ ಗಟ್ಟಿ ಮುರಂ ಸಿಗುವವರೆಗೂ ಪಾಯ ಇಳಿಸಿ, ಇಲ್ಲವೇ ಎಂಜಿನಿಯರ್ ಹತ್ತಿರ ಪೈಲ್ ಪಾಯ, ಅಂದರೆ ಆಳಕ್ಕೆ ಕಂಬ ಇಳಿಸುವ ಪಾಯ, ಹಾಕಿಸಿ. ಗೆದ್ದಲಿನ ಔಷಧಿ ಪಾಯದ ಹಂತದಲ್ಲೇ ಹಾಕಿಸಿ, ಆಮೇಲೆ ಹೊಡೆಸಿದ್ದು ಅರ್ಧ ಕೆಲಸ. ಪುಸ್ತಕದ ರ್‍ಯಾಕ್ ಮೊದಲ ಮಹಡಿಗೆ ಹಾಕುವ ಯೋಚನೆ ಬಿಟ್ಟುಬಿಡಿ. ಮನೆಯ ಮಹಡಿಗೆ ಚದರ ಮೀಟರ್‌ಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಾಕುತ್ತಾರೆ, ಪುಸ್ತಕದ ಕೋಣೆಗೆ 600. ನೆಲಮಹಡಿಯಲ್ಲೇ ಇಡಿ.

ರ್‍ಯಾಕ್ ಗೋದ್ರೇಜ್ ಆದರೆ ಚೆನ್ನಾಗಿ ಬಾಳುತ್ತದೆ, ದುಡ್ಡು ಜಾಸ್ತಿ. ನಾನಾದರೆ ಕಲಬುರಗಿಯ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ದಪ್ಪ ಶೀಟ್ ಕೊಟ್ಟು ಮಾಡಿಸುತ್ತೇನೆ. ಶೀಟಿನ ದಪ್ಪ ನಿಮ್ಮ ಎದುರಿಗೇ ಅಳೆಸಿ. ಮಕ್ಕಳ ರ್‍ಯಾಕ್ ನಾಲ್ಕು ಅಡಿ ದಾಟಬಾರದು. ಕೂಲರ್ ಹಾಕಿ, ನಮ್ಮ ಒಣ ಬಿಸಿಲಿಗೆ ಅದೇ ಸರಿ. ಆದರೆ ಅದರ ಗಾಳಿ ಪುಸ್ತಕಕ್ಕೆ ನೇರ ಹೊಡೆಯಬಾರದು, ಬೂಸ್ಟು ಹಿಡಿಯುತ್ತದೆ. ಪುಸ್ತಕದ ಲೆಕ್ಕ ಇಡುವ ಸಾಫ್ಟ್‌ವೇರ್‌ಗೆ ಕೋಹಾ ಒಳ್ಳೆಯದೇ, ಆದರೆ ನೋಡಿಕೊಳ್ಳಲು ಗೊತ್ತಿರುವ ಹುಡುಗ ಬೇಕು. ಎರಡು ಸಾವಿರ ಪುಸ್ತಕಕ್ಕೆ ಕೇಂದ್ರ ಸರ್ಕಾರದ ಎನ್‌ಐಸಿ ಮಾಡಿದ ಇ-ಗ್ರಂಥಾಲಯ ಸಾಫ್ಟ್‌ವೇರ್ ಸಾಕು.

ಭಾಷೆ ಮರೆಯಬೇಡಿ. ಆಳಂದ ಕಡೆ ಮರಾಠಿ, ಸೇಡಂ ಕಡೆ ತೆಲುಗು, ಉರ್ದು ಎಲ್ಲಾ ಕಡೆ. ಕಟ್ಟೆಯ ಮೇಲಿನ ಹಿರಿಯರಿಗೆ ಒಂದು ಉರ್ದು ಪೇಪರ್ ತರಿಸಿದರೆ ಅವರು ದಿನಾ ಬರುತ್ತಾರೆ, ಜೊತೆಗೆ ಮೊಮ್ಮಕ್ಕಳನ್ನೂ ಕರೆತರುತ್ತಾರೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಕೆಆರ್‌ಡಿಬಿ) ದುಡ್ಡಲ್ಲಿ ಕಟ್ಟಡ ಎದ್ದರೂ ಜೆಸ್ಕಾಂ ಕರೆಂಟ್ ಬಿಲ್, ಪೇಪರ್ ಬಿಲ್ ತಿಂಗಳು ತಿಂಗಳು ಬರುತ್ತದೆ. ಮನೆ ಕರದ ಜೊತೆ ಶೇ 6 ಗ್ರಂಥಾಲಯ ಕರ ಕಟ್ಟುತ್ತೀವಲ್ಲ, ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಈಗಲೇ ಕೇಳಿ.

ಈ ಶನಿವಾರ ನಾನು ಜೇವರ್ಗಿಗೆ ಬರುತ್ತಿದ್ದೇನೆ. ಸುಣ್ಣ ಎರಡು ಚೀಲ, ನೂರು ಅಡಿ ಹಗ್ಗ, ಗೂಟ ಹತ್ತು ಇಟ್ಟುಕೊಂಡಿರಿ. ಸಂಜೆ 4ಕ್ಕೆ ಸೈಟಿನಲ್ಲೇ ಸಿಗೋಣ.